ಮಕ್ಕಳಲ್ಲಿ ಕೀವು ಕಟ್ಟಿದ ಸೋಂಕು: ಯಾವುದನ್ನು ರಾತ್ರಿಯೇ ಕಳಿಸಬೇಕು, ಯಾವುದನ್ನು ಕುಯ್ಯಲೇಬಾರದು

ಆಲೂರು_ಸಿಎಚ್‌ಒ
ಉಪಕೇಂದ್ರ, ಪಿಎಚ್‌ಸಿಗಳಲ್ಲಿ ಕೆಲಸ ಮಾಡೋರಿಗೆ, ಆಶಾ ಅಕ್ಕಂದಿರಿಗೆ, ತೋಟದ ಲೈನ್ ಮನೆಗಳಲ್ಲಿರೋ ತಂದೆ ತಾಯಂದಿರಿಗೆ ಅನುಕೂಲ ಆಗ್ಲಿ ಅಂತ ಈ ಚರ್ಚೆ ಶುರು ಮಾಡ್ತಿದ್ದೀನಿ. ಜ್ವರ ಇರೋ ಮಗು ಬಂದ್ರೆ ಆ್ಯಂಟಿಬಯಾಟಿಕ್ ಸಿರಪ್ ಕೊಟ್ಟು ಮೂರು ದಿನ ನೋಡೋದು ವಾಡಿಕೆ. ಆದ್ರೆ ಒಳಗೆ ಕೀವು ಕಟ್ಟಿದ್ರೆ ಸಿರಪ್ ಅಲ್ಲಿಗೆ ತಲುಪೋದೇ ಕಷ್ಟ, ಆ ಮೂರು ದಿನದಲ್ಲಿ ಮಗುವಿನ ಕೀಲೋ ಶ್ವಾಸಕೋಶವೋ ಹಾಳಾಗುತ್ತೆ. ಬೆಳಗಿನವರೆಗೂ ಕಾಯಬಾರದ್ದು ಯಾವುದು? ಕಳಿಸೋಕೆ ಮುಂಚೆ ಮೊದಲ ಡೋಸ್ ಕೊಡಬೇಕೋ ಬೇಡವೋ? ಕೀವು ತೆಗೆಸಿಕೊಂಡು ಊರಿಗೆ ವಾಪಸ್ ಬಂದ ಮಗುವನ್ನ ನಾವು ಹೇಗೆ ನೋಡ್ಕೋಬೇಕು? ಗೊತ್ತಿರೋರು ವಿವರವಾಗಿ ಬರೀರಿ.

ಮೂಳೆಕೀಲು_ಚಿಕ್ಕಮಗಳೂರು
ಮೊದಲನೇ ಸ್ಥಾನ ಸೊಂಟದ ಕೀಲಿನ ಕೀವಿಗೆ. ಇದಕ್ಕೆ ಬೆಳಗಿನವರೆಗೂ ಕಾಯೋ ಹಾಗಿಲ್ಲ. ಎರಡು ಕಾರಣ. ಕೀವಿನಲ್ಲಿರೋ ಕಿಣ್ವಗಳು ಗಂಟೆಗಳ ಲೆಕ್ಕದಲ್ಲಿ ಮೃದ್ವಸ್ಥಿಯನ್ನ ಕರಗಿಸೋಕೆ ಶುರು ಮಾಡ್ತವೆ. ಜೊತೆಗೆ, ತೊಡೆಮೂಳೆಯ ತಲೆಗೆ ರಕ್ತ ಕೊಡೋ ನಾಳಗಳು ಕೀಲಿನ ಚೀಲದ ಒಳಗೇ ಹಾದುಹೋಗ್ತವೆ. ಚೀಲದಲ್ಲಿ ಕೀವು ತುಂಬಿ ಒತ್ತಡ ಏರಿದ್ರೆ ರಕ್ತ ನಿಂತು ಮೂಳೆತಲೆ ಸಾಯುತ್ತೆ. ಆಮೇಲೆ ಎಷ್ಟೇ ಒಳ್ಳೆ ಔಷಧ ಕೊಟ್ರೂ ಕಾಲು ಗಿಡ್ಡ ಆಗೋದು, ಕುಂಟೋದು ತಪ್ಪಲ್ಲ.

ನೋಡಿದ ತಕ್ಷಣ ಗುರುತು ಹಿಡಿಯೋದು ಹೀಗೆ: ಮಗು ಮಲಗಿದಾಗ ತೊಡೆಯನ್ನ ಸ್ವಲ್ಪ ಮಡಚಿ, ಹೊರಕ್ಕೆ ಅಗಲಿಸಿ, ಪಾದ ಹೊರಮುಖ ಮಾಡಿ ಇಟ್ಕೊಂಡಿರುತ್ತೆ. ಆ ಭಂಗಿಯಲ್ಲಿ ಚೀಲಕ್ಕೆ ಜಾಗ ಜಾಸ್ತಿ ಸಿಗುತ್ತೆ, ನೋವು ಕಮ್ಮಿ. ಅಲ್ಲಾಡಿಸಿದ್ರೆ ಕಿರುಚುತ್ತೆ. ನಡೆಯೋ ಮಗು ಕಾಲೂರಲ್ಲ. ಎಳೆ ಕೂಸಿನಲ್ಲಿ ಜ್ವರವೇ ಇಲ್ಲದಿರಬಹುದು. ಒಂದು ಕಾಲು ಅಥವಾ ಕೈ ಆಡಿಸದೇ ಇರೋದು, ಲಂಗೋಟಿ ಬದಲಿಸುವಾಗ ಚೀರೋದು, ಹಾಲು ಬಿಡೋದು, ಇಷ್ಟೇ ಸುಳಿವು. ಪಾರ್ಶ್ವವಾಯು, ಉಳುಕು ಅಂದ್ಕೊಂಡು ಎಣ್ಣೆ ಹಚ್ಚಿ ನೀವಿಸೋದು ಬೇಡ.

ಇನ್ನೊಂದು ಮಾತು. ಸುಮಾರು ಒಂದೂವರೆ ವರ್ಷದ ಒಳಗಿನ ಮಕ್ಕಳಲ್ಲಿ ಮೂಳೆಯ ತುದಿಭಾಗದ ರಕ್ತನಾಳಗಳು ಬೆಳವಣಿಗೆಯ ಪದರವನ್ನ ದಾಟಿ ಹೋಗ್ತವೆ. ಹಾಗಾಗಿ ಮೂಳೆಯಲ್ಲಿ ಶುರುವಾದ ಸೋಂಕು ಸಲೀಸಾಗಿ ಕೀಲಿಗೆ ಇಳಿಯುತ್ತೆ. ಕೂಸಿಗೆ ಮೂಳೆಸೋಂಕು ಅಂತ ಗೊತ್ತಾದ್ರೆ ಪಕ್ಕದ ಕೀಲನ್ನೂ ಸ್ಕ್ಯಾನ್ ಮಾಡಿಸಲೇಬೇಕು.

ಆರ್‌ಬಿಎಸ್‌ಕೆ_ಕಡೂರು
ನೆಗಡಿ ಆಗಿ ವಾರಕ್ಕೆ ಬರೋ ಸಾದಾ ಕೀಲುಬಾವಿಗೂ ಇದಕ್ಕೂ ವ್ಯತ್ಯಾಸ ಹೇಗೆ ಮಾಡ್ತೀರಿ ಸರ್? ಅದರಲ್ಲೂ ಮಗು ಕುಂಟುತ್ತೆ, ಅದು ತಾನಾಗೇ ವಾಸಿ ಆಗುತ್ತೆ.

ಮೂಳೆಕೀಲು_ಚಿಕ್ಕಮಗಳೂರು
1999ರಲ್ಲಿ ಬಾಸ್ಟನ್‌ನ ಕೋಚರ್ ತಂಡ ಕೊಟ್ಟ ನಾಲ್ಕು ಅಂಶ ಈಗಲೂ ಕೆಲಸಕ್ಕೆ ಬರುತ್ತೆ: 38.5 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಜ್ವರ, ಕಾಲೂರಲು ಆಗದಿರೋದು, ಇಎಸ್‌ಆರ್ (ದೇಹದ ಉರಿಯೂತ ತೋರಿಸೋ ರಕ್ತ ಪರೀಕ್ಷೆ) 40ಕ್ಕಿಂತ ಹೆಚ್ಚು, ಬಿಳಿರಕ್ತಕಣ 12,000ಕ್ಕಿಂತ ಹೆಚ್ಚು. ಆಮೇಲೆ ಸಿಆರ್‌ಪಿ (ಇದೂ ಉರಿಯೂತದ ರಕ್ತ ಪರೀಕ್ಷೆಯೇ) ಲೀಟರಿಗೆ 20 ಮಿ.ಗ್ರಾಂ. ಮೀರೋದೂ ಸೇರಿಕೊಂಡಿತು. ಮೂರು ಅಂಶ ಇದ್ರೆ ಕೀವು ಅಂತಲೇ ತಿಳ್ಕೊಂಡು ನಡೀರಿ. ಎರಡಿದ್ರೂ ಸ್ಕ್ಯಾನ್ ಮಾಡದೆ ಮನೆಗೆ ಕಳಿಸಬೇಡಿ.

ಆದ್ರೆ ಈ ಲೆಕ್ಕ ಒಂದು ಕಡೆ ಕೈಕೊಡುತ್ತೆ. 6 ತಿಂಗಳಿಂದ 4 ವರ್ಷದ ಮಕ್ಕಳಲ್ಲಿ ಕಿಂಗೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಕೀಲಿಗೆ ಸೇರಿದ್ರೆ ಜ್ವರ ಸಣ್ಣದು, ಸಿಆರ್‌ಪಿ ಅಷ್ಟೇನೂ ಏರಿರಲ್ಲ. ಮಗು ಆಟವಾಡ್ತಾನೇ ಕುಂಟುತ್ತೆ. ಉಳಿದ ವಯಸ್ಸಿನಲ್ಲಿ ಹೆಚ್ಚಾಗಿ ಸ್ಟ್ಯಾಫಿಲೋಕಾಕಸ್ ಆರಿಯಸ್, ಎಳೆ ಕೂಸು ಬಿಟ್ರೆ ಅದು ಮುಚ್ಚಿಡೋಕೆ ಆಗದಷ್ಟು ಜೋರು.

ಮೊದಲು ಅಲ್ಟ್ರಾಸೌಂಡ್. ಎರಡೂ ಸೊಂಟ ಹೋಲಿಸಿ ನೋಡಬೇಕು. ಎಕ್ಸ್‌ರೇ ನಾರ್ಮಲ್ ಅಂತ ನೆಮ್ಮದಿಯಾಗಿ ಇರಬೇಡಿ: ಮೂಳೆಸೋಂಕಿನಲ್ಲಿ ಎಕ್ಸ್‌ರೇ ಬದಲಾಗೋಕೆ 10ರಿಂದ 14 ದಿನ ಬೇಕು. ಅಲ್ಟ್ರಾಸೌಂಡಿನಲ್ಲಿ ಕೀಲೊಳಗೆ ನೀರು ಕಂಡ್ರೆ ಸೂಜಿಯಿಂದ ತೆಗೆದು ನೋಡೋದು. ಬಿಳಿಕಣ 50,000 ದಾಟಿ ಬಹುಪಾಲು ನ್ಯೂಟ್ರೋಫಿಲ್ (ಬ್ಯಾಕ್ಟೀರಿಯಾ ವಿರುದ್ಧ ಹೋರಾಡೋ ಬಿಳಿಕಣ) ಇದ್ರೆ ಕೀಲು ತೆರೆದು ತೊಳೀಬೇಕು. ಮಂಡಿ, ಭುಜದಲ್ಲಿ ಪದೇ ಪದೇ ಸೂಜಿಯಿಂದ ತೆಗೆದು ನಿಭಾಯಿಸೋರು ಇದ್ದಾರೆ. ಸೊಂಟದಲ್ಲಿ ಆ ಧೈರ್ಯ ನಾನು ಮಾಡಲ್ಲ.

ಲ್ಯಾಬ್_ಬೇಲೂರು
ಸ್ಯಾಂಪಲ್ ವಿಷಯ ಇಲ್ಲೇ ಹೇಳಿಬಿಡ್ತೀನಿ, ಅರ್ಧ ಕೇಸು ಕೆಡೋದು ಇಲ್ಲೇ.

ಕೀವನ್ನ ಹತ್ತಿಕಡ್ಡಿಗೆ ಅಂಟಿಸಿ ಕಳಿಸಬೇಡಿ, ಸಿರಿಂಜಿನಲ್ಲಿ ಅಥವಾ ಸ್ಟೆರೈಲ್ ಡಬ್ಬಿಯಲ್ಲಿ ದ್ರವವನ್ನೇ ಕಳಿಸಿ. ಹತ್ತಿಕಡ್ಡಿಯಲ್ಲಿ ಬರೋದು ತೀರಾ ಕಮ್ಮಿ, ದಾರಿಯಲ್ಲಿ ಒಣಗುತ್ತೆ. ಕೀಲಿನ ದ್ರವದಲ್ಲಿ ಒಂದು ಭಾಗವನ್ನ ನೇರ ಬ್ಲಡ್ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ಗುರುತಿಸೋ) ಬಾಟಲಿಗೆ ಹಾಕಿ. ಕಿಂಗೆಲ್ಲಾ ಮಾಮೂಲಿ ತಟ್ಟೆಯಲ್ಲಿ ಬೆಳೆಯೋದು ಕಷ್ಟ, ಬಾಟಲಿಯಲ್ಲಿ ಸಿಗೋ ಸಾಧ್ಯತೆ ಜಾಸ್ತಿ. ರಕ್ತ, ಮಕ್ಕಳ ಬಾಟಲಿಗೆ 1ರಿಂದ 3 ಮಿ.ಲೀ. ಬಾಟಲಿಯನ್ನ ಫ್ರಿಜ್ಜಿಗೆ ಇಡಬಾರದು.

ದೊಡ್ಡ ತಪ್ಪು ಅಂದ್ರೆ ಥಿಯೇಟರಿನಲ್ಲಿ ತೆಗೆದ ತುಂಡನ್ನೆಲ್ಲಾ ಫಾರ್ಮಾಲಿನ್‌ಗೆ (ತುಂಡು ಕೊಳೆಯದ ಹಾಗೆ ಇಡೋ ದ್ರಾವಣ) ಹಾಕೋದು. ಬಯಾಪ್ಸಿಗೆ ಮಾತ್ರ ಫಾರ್ಮಾಲಿನ್. ಕಲ್ಚರ್‌ಗೂ ಕ್ಷಯದ ಸಿಬಿನ್ಯಾಟ್ ಪರೀಕ್ಷೆಗೂ ಬೇರೆ ಡಬ್ಬಿ, ಬರೀ ಸಲೈನ್. ಫಾರ್ಮಾಲಿನ್‌ಗೆ ಹೋದದ್ದರಲ್ಲಿ ಬ್ಯಾಕ್ಟೀರಿಯಾ ಬೆಳೆಸೋಕೆ ಆಗಲ್ಲ, ಕುಯ್ದ ಜಾಗವನ್ನ ಮತ್ತೆ ಕುಯ್ಯೋಕೂ ಆಗಲ್ಲ.

ಆಲೂರು_ಸಿಎಚ್‌ಒ
ಹಾಗಾದ್ರೆ ಮೊದಲ ಡೋಸ್? ಕಲ್ಚರ್ ಕೆಡುತ್ತೆ ಅಂತ ಕೊಡದೇ ಕಳಿಸೋದಾ?

ಮೂಳೆಕೀಲು_ಚಿಕ್ಕಮಗಳೂರು
ಮಗು ಸ್ಥಿರವಾಗಿದ್ದು, ಕೀಲಿನ ತೊಂದರೆ ಮಾತ್ರ ಇದ್ದು, ಒಂದೆರಡು ಗಂಟೆಯಲ್ಲಿ ಜಿಲ್ಲಾಸ್ಪತ್ರೆ ಸೇರುತ್ತೆ ಅಂದ್ರೆ ಕೊಡಬೇಡಿ. ಒಂದು ಡೋಸಿನಿಂದ ಕೀಲು ಉಳಿಯಲ್ಲ, ಯಾವ ಬ್ಯಾಕ್ಟೀರಿಯಾ ಅಂತ ಗೊತ್ತಾಗದೆ ಮುಂದಿನ ವಾರಗಳೆಲ್ಲಾ ಊಹೆ ಮೇಲೆ ಔಷಧ ಕೊಡಬೇಕಾಗುತ್ತೆ.

ಶಸ್ತ್ರವೈದ್ಯೆ_ಹಾಸನ
ಸರ್ ಹೇಳಿದ್ದು ಸ್ಥಿರವಾಗಿರೋ ಮಗುವಿಗೆ ಸರಿ. ಅದನ್ನ ಎಲ್ಲಾ ಮಕ್ಕಳಿಗೂ ಅನ್ವಯಿಸಿದ್ರೆ ಜೀವಕ್ಕೇ ಅಪಾಯ. ಕೈಕಾಲು ತಣ್ಣಗಾಗಿದ್ರೆ, ಎದೆ ಮೇಲೆ ಒತ್ತಿ ಬಿಟ್ಟಾಗ ಬಣ್ಣ ಮರಳೋಕೆ 3 ಸೆಕೆಂಡಿಗಿಂತ ಜಾಸ್ತಿ ಬೇಕಾದ್ರೆ, ಮಂಕಾಗಿದ್ರೆ, ಚರ್ಮದ ಕೆಂಪು ಕಣ್ಣೆದುರೇ ಹರಡ್ತಿದ್ರೆ, ಅಥವಾ ಮಗು 2 ತಿಂಗಳೊಳಗಿನದಾಗಿದ್ರೆ ಕಲ್ಚರ್ ಲೆಕ್ಕ ಬಿಟ್ಟು ಮೊದಲ ಡೋಸ್ ಕೊಟ್ಟೇ ಕಳಿಸಿ. ಬಾಟಲಿ ಕೈಯಲ್ಲೇ ಇದ್ರೆ ರಕ್ತ ತೆಗೆದುಕೊಳ್ಳಿ, ಇಲ್ಲದಿದ್ರೆ ಅದಕ್ಕಾಗಿ ಹತ್ತು ನಿಮಿಷವೂ ಕಾಯಬೇಡಿ.

ಎಳೆ ಕೂಸಿಗೆ ಆ್ಯಂಪಿಸಿಲಿನ್ ಕೆ.ಜಿ.ಗೆ 50 ಮಿ.ಗ್ರಾಂ., ಜೊತೆಗೆ ಜೆಂಟಾಮೈಸಿನ್ ಕೆ.ಜಿ.ಗೆ 5 ಮಿ.ಗ್ರಾಂ. ದೊಡ್ಡ ಮಕ್ಕಳಿಗೆ ಸೆಫ್ಟ್ರಿಯಾಕ್ಸೋನ್ ಕೆ.ಜಿ.ಗೆ 80 ಮಿ.ಗ್ರಾಂ. ಕಾಮಾಲೆ ಇರೋ ನವಜಾತ ಶಿಶುವಿಗೆ ಸೆಫ್ಟ್ರಿಯಾಕ್ಸೋನ್ ಬೇಡ, ರಿಂಗರ್ ಲ್ಯಾಕ್ಟೇಟ್ ಹರಿಯೋ ಲೈನಿನಲ್ಲಿ ಯಾರಿಗೂ ಬೇಡ, ಕ್ಯಾಲ್ಸಿಯಂ ಜೊತೆ ಗರಣೆ ಕಟ್ಟುತ್ತೆ. ಇವು ಪಿಎಚ್‌ಸಿ ವೈದ್ಯರು ಮಗುವನ್ನ ತೂಕ ಮಾಡಿ ಕೊಡೋ ಡೋಸ್, ಮನೆಯವರು ಲೆಕ್ಕ ಹಾಕೋದಲ್ಲ. ಏನು ಕೊಟ್ರಿ, ಎಷ್ಟು, ಎಷ್ಟು ಗಂಟೆಗೆ ಅನ್ನೋದು ಚೀಟಿಯಲ್ಲಿ ಇರಲೇಬೇಕು.

ಈಗ ಎದೆಯ ಕೀವು. ನ್ಯುಮೋನಿಯಾಗೆ ಸರಿಯಾದ ಔಷಧ ಶುರುವಾಗಿ 48 ಗಂಟೆ ಆದ್ರೂ ಜ್ವರ ಇಳಿದಿಲ್ಲ ಅಂದ್ರೆ ಔಷಧ ಬದಲಾಯಿಸೋಕೆ ಮುಂಚೆ ಎದೆಯ ಅಲ್ಟ್ರಾಸೌಂಡ್ ಮಾಡಿಸಿ. ಮಗು ಒಂದು ಪಕ್ಕಕ್ಕೆ ವಾಲಿ ಕೂರುತ್ತೆ, ಆ ಕಡೆ ಎದೆ ಏಳಲ್ಲ, ಬೆರಳಿಂದ ತಟ್ಟಿದ್ರೆ ಮಂದ ಸದ್ದು. ಎಕ್ಸ್‌ರೇಯಲ್ಲಿ ಬರೀ ಬಿಳಿ ಕಾಣುತ್ತೆ, ನ್ಯುಮೋನಿಯಾ ಎಷ್ಟು ಕೀವು ಎಷ್ಟು ಅಂತ ಬೇರೆ ಮಾಡೋಕಾಗಲ್ಲ. ಅಲ್ಟ್ರಾಸೌಂಡಿನಲ್ಲಿ ಪ್ರಮಾಣವೂ ಗೊತ್ತಾಗುತ್ತೆ, ಒಳಗೆ ಪರದೆಗಳಾಗಿವೆಯಾ ಅನ್ನೋದೂ ಗೊತ್ತಾಗುತ್ತೆ.

ಪರದೆ ಆಗಿದ್ರೆ ಕೀವು ಹೊರಗೆ ಹರಿಯೋಕೆ ಎದೆಗೆ ಹಾಕೋ ಟ್ಯೂಬ್ ಒಂದೇ ಸಾಲದು. ಟ್ಯೂಬ್ ಮೂಲಕ ಪರದೆ ಕರಗಿಸೋ ಯುರೋಕೈನೇಸ್ ಔಷಧ ಹಾಕ್ತೀವಿ: ಒಂದು ವರ್ಷ ದಾಟಿದ ಮಗುವಿಗೆ 40 ಮಿ.ಲೀ. ಸಲೈನ್‌ನಲ್ಲಿ 40,000 ಯೂನಿಟ್, ಅದಕ್ಕಿಂತ ಚಿಕ್ಕದಕ್ಕೆ 10 ಮಿ.ಲೀ.ನಲ್ಲಿ 10,000. ದಿನಕ್ಕೆರಡು ಸಲ, ಮೂರು ದಿನ. ಪ್ರತಿ ಸಲ ಟ್ಯೂಬನ್ನ ನಾಲ್ಕು ಗಂಟೆ ಕ್ಲಾಂಪ್ ಮಾಡಿ (ಒತ್ತಿ ಮುಚ್ಚಿ) ಆಮೇಲೆ ಬಿಡೋದು. ಇಷ್ಟಕ್ಕೂ ಜ್ವರ ಇಳಿಯದಿದ್ರೆ, ಶ್ವಾಸಕೋಶ ಅರಳದಿದ್ರೆ ದುರ್ಬೀನು ಆಪರೇಷನ್. ಎರಡು ವಾರ ಕಾದ್ರೆ ಕೀವು ದಪ್ಪ ಸಿಪ್ಪೆಯಾಗಿ ಶ್ವಾಸಕೋಶವನ್ನ ಸುತ್ತುವರಿಯುತ್ತೆ, ಆಗ ಎದೆ ತೆರೆದು ಸಿಪ್ಪೆ ಬಿಡಿಸಬೇಕಾಗುತ್ತೆ. ಅದಕ್ಕೇ ನಾನು 48 ಗಂಟೆ ಅಂತ ಇಷ್ಟು ಒತ್ತಿ ಹೇಳೋದು.

ವಾರ್ಡ್_ಸಿಸ್ಟರ್
ಟ್ಯೂಬ್ ಹಾಕಿದ ಮೇಲಿನ ಕೆಲಸ ನಮ್ಮದು, ಜೊತೆಗಿರೋ ತಾಯಿಯದು. ಟ್ಯೂಬ್ ಸೇರೋ ನೀರಿನ ಬಾಟಲಿ ಯಾವಾಗಲೂ ಮಗುವಿನ ಎದೆಗಿಂತ ಕೆಳಗೆ. ಬಾತ್‌ರೂಮಿಗೆ ಕರ್ಕೊಂಡು ಹೋಗುವಾಗ ಮಂಚದ ಮೇಲೆ ಎತ್ತಿಟ್ರೆ ನೀರು ಎದೆಯೊಳಕ್ಕೆ ಹೋಗುತ್ತೆ. ಒಳಗಿನ ಕೊಳವೆಯ ತುದಿ 2 ಸೆಂ.ಮೀ. ನೀರಲ್ಲಿ ಮುಳುಗಿರಬೇಕು. ಮಗು ಉಸಿರಾಡಿದ ಹಾಗೆ ಕೊಳವೆಯ ನೀರು ಏರಿಳಿಯಬೇಕು. ಏರಿಳಿತ ನಿಂತ್ರೆ ಮೊದಲು ಟ್ಯೂಬ್ ಮಗುವಿನ ಬೆನ್ನಡಿ ಸಿಕ್ಕಿಕೊಂಡಿದೆಯಾ, ಮಡಚಿದೆಯಾ ನೋಡಿ, ಆಮೇಲೆ ಡಾಕ್ಟರನ್ನ ಕರೀರಿ. ಗುಳ್ಳೆ ಬರ್ತಿದ್ರೆ ಆ ಟ್ಯೂಬನ್ನ ಯಾವ ಕಾರಣಕ್ಕೂ ಕ್ಲಾಂಪ್ ಮಾಡಬಾರದು, ಗಾಳಿ ಹೊರಗೆ ಹೋಗೋಕೆ ದಾರಿ ಇಲ್ಲದೆ ಶ್ವಾಸಕೋಶ ಕುಸಿಯುತ್ತೆ.

ಮೊದಲ ಸಲ ಕೀವು ಬಿಡುವಾಗ ಕೆ.ಜಿ.ಗೆ 10 ಮಿ.ಲೀ. ಬಂದ ಮೇಲೆ ಒಂದು ಗಂಟೆ ನಿಲ್ಲಿಸ್ತೀವಿ. 12 ಕೆ.ಜಿ. ಮಗು ಅಂದ್ರೆ 120 ಮಿ.ಲೀ. ಒಂದೇ ಏಟಿಗೆ ಬಿಟ್ರೆ ಅರಳಿದ ಶ್ವಾಸಕೋಶದಲ್ಲಿ ನೀರು ತುಂಬುತ್ತೆ. ನೋವಿನ ಔಷಧ ಹೊತ್ತು ಹೊತ್ತಿಗೆ ಕೊಡಿ. ನೋವಿದ್ರೆ ಮಗು ಕೆಮ್ಮಲ್ಲ, ಆಳವಾಗಿ ಉಸಿರೆಳೆಯಲ್ಲ. ಬಲೂನು ಊದಿಸಿ, ನಡೆಸಿ. ಮನೆಗೆ ಹೋದ ಮೇಲೆ 4ರಿಂದ 6 ವಾರಕ್ಕೆ ಮತ್ತೊಂದು ಎಕ್ಸ್‌ರೇ ಇದೆ, ಮಗು ಚೆನ್ನಾಗಿ ಆಡ್ತಿದೆ ಅಂತ ಬಿಡಬೇಡಿ.

ಆಶಾ_ಮೆಂಟರ್_ಮೂಡಿಗೆರೆ
ಬಾಣಂತನದ ಮನೆಗಳಲ್ಲಿ ಹೇಳಲೇಬೇಕಾದ್ದು ಎರಡಿದೆ. ಹುಟ್ಟಿದ ಕೂಸಿನ ಎದೆ, ಗಂಡಾದ್ರೂ ಹೆಣ್ಣಾದ್ರೂ, ತಾಯಿಯ ಹಾರ್ಮೋನಿನಿಂದ ಸ್ವಲ್ಪ ಉಬ್ಬಿರುತ್ತೆ, ಹಾಲಿನಂಥದ್ದು ಬರಬಹುದು. ಅಜ್ಜಿಯರು ನೀರು ಹಾಕುವಾಗ ಅದನ್ನ ಹಿಂಡ್ತಾರೆ. ಹಿಂಡಬಾರದು ಅಂತ ಬಾಣಂತಿಗೆ ಹೇಳಿದ್ರೆ ಸಾಲದು, ನೀರು ಹಾಕೋ ಅಜ್ಜಿಗೇ ಹೇಳಬೇಕು. ಹಾಗೇ ಬಿಟ್ರೆ ಕೆಲವು ವಾರದಲ್ಲಿ ತಾನಾಗೇ ಇಳಿಯುತ್ತೆ.

ಇನ್ನೊಂದು ಹೊಕ್ಕುಳು. ಬೂದಿ, ಎಣ್ಣೆ, ಅರಿಶಿನ, ಪೌಡರ್ ಏನೂ ಬೇಡ. ಒಣಗಿರಲಿ, ಲಂಗೋಟಿ ಹೊಕ್ಕುಳ ಕೆಳಗೆ ಕಟ್ಟಲಿ. ಸುತ್ತಲಿನ ಹೊಟ್ಟೆಯ ಚರ್ಮಕ್ಕೆ ಕೆಂಪು ಹರಡಿದ್ರೆ ಅವತ್ತೇ ಆಸ್ಪತ್ರೆ.

ಶಸ್ತ್ರವೈದ್ಯೆ_ಹಾಸನ
ಮೇಡಂ ಬರೆದದ್ದರ ಹಿಂದಿನ ಕಾರಣ ಸೇರಿಸ್ತೀನಿ. ಹಿಂಡಿದ್ರೆ ಸ್ಟ್ಯಾಫ್ ಒಳಹೊಕ್ಕು ಎದೆಯಲ್ಲಿ ಕುರು ಆಗುತ್ತೆ. ಹೆಣ್ಣು ಕೂಸಿನಲ್ಲಿ ಅದನ್ನ ದೊಡ್ಡದಾಗಿ ಕುಯ್ದರೆ ಮುಂದೆ ಸ್ತನವಾಗಿ ಬೆಳೆಯೋ ಮೊಗ್ಗಿಗೇ ಪೆಟ್ಟು. ಹಾಗಾಗಿ ಮೊದಲು ಸೂಜಿಯಿಂದಲೇ ತೆಗೆಯೋದು, ಕುಯ್ಯಲೇಬೇಕಾದ್ರೆ ಮೊಲೆತೊಟ್ಟಿನಿಂದ ದೂರ, ಅಂಚಿನಲ್ಲಿ ಸಣ್ಣ ಗಾಯ. ಹೊಕ್ಕುಳ ಸೋಂಕು ಅಲ್ಲಿರೋ ರಕ್ತನಾಳದ ಮೂಲಕ ಯಕೃತ್ತಿನ ನಾಳಕ್ಕೆ ಹೋಗಿ ಹೆಪ್ಪುಗಟ್ಟಿಸಬಹುದು. ಅಂಥ ಮಗು ವರ್ಷಗಳಾದ ಮೇಲೆ ರಕ್ತ ವಾಂತಿ ಮಾಡ್ಕೊಂಡು ಬರುತ್ತೆ.

ವಾರ್ಡ್_ಸಿಸ್ಟರ್
ಚರ್ಮದ ಕುರುಗೆ ಬರೋಣ, ದಿನಾ ನೋಡೋದು ಅದೇ. ಬೆರಳಿಟ್ಟು ಒತ್ತಿದ್ರೆ ದ್ರವ ಆಡ್ತಿದೆ ಅಂದ್ರೆ ಕೀವು ತುಂಬಿದೆ, ಕುಯ್ದು ತೆಗೀಬೇಕು. ಕೀವು ತುಂಬಿದ ಜಾಗ ಆಮ್ಲೀಯವಾಗಿರೋದ್ರಿಂದ ಮರಗಟ್ಟಿಸೋ ಇಂಜೆಕ್ಷನ್ ಸರಿಯಾಗಿ ಹಿಡಿಯಲ್ಲ. ಹಿಡೀಲಿಲ್ಲ ಅಂತ ಮತ್ತೆ ಮತ್ತೆ ಚುಚ್ಚೋದು ಅಪಾಯ: ಲಿಗ್ನೋಕೈನ್ ಮಿತಿ ಕೆ.ಜಿ.ಗೆ 3 ಮಿ.ಗ್ರಾಂ., ಅಂದ್ರೆ 10 ಕೆ.ಜಿ. ಮಗುವಿಗೆ 2 ಪರ್ಸೆಂಟಿನದು ಬರೀ ಒಂದೂವರೆ ಮಿ.ಲೀ. ದೊಡ್ಡ ಕುರುವಾದ್ರೆ ಅರಿವಳಿಕೆ ತಜ್ಞರ ಕೈಯಲ್ಲೇ ಆಗಲಿ. ನಾಲ್ಕು ಜನ ಹಿಡ್ಕೊಂಡು ಕುಯ್ದರೆ ಒಳಗಿನ ಪರದೆಗಳು ಒಡೆಯಲ್ಲ, ವಾರದೊಳಗೆ ಮತ್ತೆ ತುಂಬುತ್ತೆ.

ಒಳಗೆ ಗಾಜ್ ತುರುಕಿ ತುಂಬಬೇಡಿ. ಬಾಯಿ ಮುಚ್ಚದ ಹಾಗೆ ಸಡಿಲವಾಗಿ ಇಟ್ರೆ ಸಾಕು. ಎರಡು ಸಣ್ಣ ತೂತು ಮಾಡಿ ರಬ್ಬರ್ ಕುಣಿಕೆ ಹಾಕಿದ್ರೆ ದಿನಾ ಗಾಜ್ ಬದಲಿಸೋ ನೋವೇ ಇಲ್ಲ, ಮಕ್ಕಳಿಗೆ ಅದೇ ಒಳ್ಳೇದು. ಡ್ರೆಸ್ಸಿಂಗ್‌ಗೆ ಮುಕ್ಕಾಲು ಗಂಟೆ ಮುಂಚೆ ಪ್ಯಾರಾಸಿಟಮಾಲ್ ಕೆ.ಜಿ.ಗೆ 15 ಮಿ.ಗ್ರಾಂ. ಮನೆಯಲ್ಲಿ ತೊಳೆಯೋದಾದ್ರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ತಲೆತಟ್ಟಿದ ಒಂದೂವರೆ ಟೀ ಚಮಚ ಉಪ್ಪು. ಕಾಫಿಪುಡಿ, ಅರಿಶಿನ ಮೆತ್ತಬೇಡಿ. ಪುಡಿ ಗಾಯದೊಳಗೇ ಉಳಿಯುತ್ತೆ, ಮೇಲೆ ಮುಚ್ಚಿಕೊಂಡು ಒಳಗೆ ಕೀವು ನಿಲ್ಲುತ್ತೆ.

ಮೂಳೆಕೀಲು_ಚಿಕ್ಕಮಗಳೂರು
ಮುಳ್ಳು, ಮೊಳೆ ಬಗ್ಗೆಯೂ ಇರಲಿ. ಕಡೂರು, ಅರಸೀಕೆರೆ ಬಯಲಿನಲ್ಲಿ ಈಚಲು ಮುಳ್ಳು ಮಂಡಿಗೆ ಚುಚ್ಚಿ ತುದಿ ಮುರಿದು ಒಳಗೇ ಉಳಿದ್ರೆ, ವಾರಗಟ್ಟಲೆ ಆದ ಮೇಲೆ ಮಂಡಿ ಊದಿಕೊಳ್ಳುತ್ತೆ, ಔಷಧ ಕೊಟ್ಟಾಗ ಇಳಿದು ನಿಲ್ಲಿಸಿದಾಗ ಏಳುತ್ತೆ. ಎಕ್ಸ್‌ರೇಯಲ್ಲಿ ಮುಳ್ಳು ಕಾಣಲ್ಲ, ಅಲ್ಟ್ರಾಸೌಂಡಿನಲ್ಲಿ ಕಾಣಬಹುದು. ಮುಳ್ಳು ತೆಗೆಯೋವರೆಗೂ ವಾಸಿ ಇಲ್ಲ. ಹಾಗೇ ರಬ್ಬರ್ ಚಪ್ಪಲಿ, ಶೂ ತಳದ ಮೂಲಕ ಮೊಳೆ ಪಾದಕ್ಕೆ ಹೋದ್ರೆ ಸ್ಯೂಡೋಮೊನಾಸ್ ಅನ್ನೋ ಬ್ಯಾಕ್ಟೀರಿಯಾ ಸೇರಿಕೊಳ್ಳೋ ಸಾಧ್ಯತೆ ಇದೆ. ಎರಡು ದಿನ ಕಮ್ಮಿಯಾದ ನೋವು ವಾರಕ್ಕೆ ವಾಪಸ್ ಬಂದ್ರೆ ಮಾಮೂಲಿ ಸಿರಪ್ ಅದಕ್ಕೆ ನಾಟಲ್ಲ. ಧನುರ್ವಾಯು ಲಸಿಕೆ ಕೊಟ್ಟಿದ್ದೀವಿ ಅನ್ನೋದು ಇದಕ್ಕೆ ಉತ್ತರ ಅಲ್ಲ.

ಆರ್‌ಬಿಎಸ್‌ಕೆ_ಕಡೂರು
ಕುಯ್ಯಬಾರದ್ದರ ಬಗ್ಗೆ ನಾನು ಹೇಳ್ತೀನಿ. ಕತ್ತಿನಲ್ಲಿ ತಿಂಗಳುಗಟ್ಟಲೆಯಿಂದ ಇರೋ, ಮುಟ್ಟಿದ್ರೆ ಬಿಸಿ ಇಲ್ಲದ, ನೋವಿಲ್ಲದ, ಮೆತ್ತಗಾಗಿರೋ ಗಂಟನ್ನ ಸಾದಾ ಕುರು ಅಂತ ಕುಯ್ಯಬೇಡಿ. ಕ್ಷಯದ ತಣ್ಣನೆಯ ಕೀವು ಅದು. ಕುಯ್ದರೆ ಬಾಯಿ ಮುಚ್ಚದೆ ತಿಂಗಳುಗಟ್ಟಲೆ ಸೋರುತ್ತೆ. ಸುತ್ತಲಿನ ಆರೋಗ್ಯವಂತ ಚರ್ಮದ ಮೂಲಕ, ಮೇಲಿನಿಂದ, ಓರೆಯಾಗಿ ಸೂಜಿ ಹಾಕಿ ತೆಗೆದು ಸಿಬಿನ್ಯಾಟ್‌ಗೆ ಕಳಿಸಬೇಕು. ವಾಸಿ ಮಾಡೋದು ಕ್ಷಯದ ಔಷಧ.

ಬಿಸಿಜಿ ಕೊಟ್ಟ ಎಡಗೈಯ ಕಂಕುಳಲ್ಲಿ ಗಂಟು ಬಂದ ಕೂಸೂ ಹಾಗೇ. ಜ್ವರ ಇಲ್ಲ, ಕೂಸು ಗೆಲುವಾಗಿದೆ ಅಂದ್ರೆ ನೋಡ್ತಾ ಇರೋದು ಸಾಕು. ಮೆತ್ತಗಾಗಿ ಚರ್ಮ ತೆಳುವಾದ್ರೆ ಸೂಜಿಯಿಂದ ತೆಗೆಸಿ.

ಒಂದೇ ಜಾಗದಲ್ಲಿ ಮರಳಿ ಮರಳಿ ಕುರು ಬಂದ್ರೆ ಹುಟ್ಟಿನಿಂದ ಬಂದ ದಾರಿ ಒಳಗೆ ಇರಬಹುದು. ಕಿವಿಯ ಮುಂದಿನ ಸಣ್ಣ ತೂತು, ಕತ್ತಿನ ನಡುವೆ ನುಂಗಿದಾಗ ಮೇಲೇರೋ ಗಂಟು, ಎಡಗಡೆ ಥೈರಾಯ್ಡ್ ಪಕ್ಕದ ಕೀವು, ಇವೆಲ್ಲ ಸೋಂಕು ಇಳಿದ ಮೇಲೆ ಯೋಜನೆ ಹಾಕಿ ಮಾಡೋ ಆಪರೇಷನ್.

ಆಲೂರು_ಸಿಎಚ್‌ಒ
ಹೊಟ್ಟೆ ಬಗ್ಗೆ ಯಾರೂ ಬರೀಲಿಲ್ಲ.

ಶಸ್ತ್ರವೈದ್ಯೆ_ಹಾಸನ
ಚಿಕ್ಕದಾಗಿ ಹೇಳ್ತೀನಿ. ಅಪೆಂಡಿಕ್ಸ್ ನೋವು ಹೊಕ್ಕುಳ ಸುತ್ತ ಶುರುವಾಗಿ ಬಲಗಡೆ ಕೆಳಹೊಟ್ಟೆಗೆ ಇಳಿಯುತ್ತೆ, ಸಾಮಾನ್ಯವಾಗಿ ನೋವು ಮೊದಲು, ವಾಂತಿ ಆಮೇಲೆ. 5 ವರ್ಷದೊಳಗಿನ ಮಗು ಇದನ್ನ ಹೇಳಲ್ಲ, ಹಾಗಾಗಿ ಆ ವಯಸ್ಸಿನಲ್ಲಿ ಒಡೆದ ಮೇಲೇ ಪತ್ತೆಯಾಗೋದು ಜಾಸ್ತಿ. ಜಿಗಿಯೋಕೆ ಹೇಳಿ, ಹೊಟ್ಟೆ ಹಿಡ್ಕೊಂಡು ನಿಂತ್ರೆ ಅನುಮಾನ ಪಡಿ. ಹರಳೆಣ್ಣೆ ಕುಡಿಸಬೇಡಿ, ಎನಿಮಾ ಬೇಡ. ಟೈಫಾಯ್ಡ್ ಜ್ವರದ ಎರಡು ಮೂರನೇ ವಾರದಲ್ಲಿ ದಿಢೀರ್ ಹೊಟ್ಟೆ ಗಟ್ಟಿಯಾದ್ರೆ ಕರುಳು ತೂತಾಗಿರಬಹುದು, ಅದೂ ಅದೇ ರಾತ್ರಿಯ ಕೇಸು.

ಪ್ರಯಾಣ: ಹಿಮ್ಸ್ (ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ) ಆಗ್ಲಿ ಚಿಕ್ಕಮಗಳೂರು ಜಿಲ್ಲಾಸ್ಪತ್ರೆ ಆಗ್ಲಿ, ಹೊರಡೋಕೆ ಮುಂಚೆ ಫೋನ್ ಮಾಡಿ ಮಕ್ಕಳ ಅರಿವಳಿಕೆ ಕೊಡೋರು, ಸರ್ಜನ್ ಅವತ್ತು ಇದ್ದಾರಾ ಕೇಳಿ. ಇಲ್ಲದಿದ್ರೆ ಮುಂದೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ಮೈಸೂರಿನ ಚೆಲುವಾಂಬ, ಮಂಗಳೂರಿನ ವೆನ್ಲಾಕ್. ಮಳೆ ಜೋರಿದ್ದಾಗ ಶಿರಾಡಿ, ಚಾರ್ಮಾಡಿಯಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಬಹುದು, ವಿಚಾರಿಸಿಯೇ ಘಾಟಿ ಇಳೀರಿ. ದಾರಿಯಲ್ಲಿ ಬನ್ನು ಬಿಸ್ಕತ್ತು ಬೇಡ. ಅರಿವಳಿಕೆಗೆ ಊಟ ಮತ್ತು ಹಸುವಿನ ಹಾಲಿಗೆ 6 ಗಂಟೆ, ಎದೆಹಾಲಿಗೆ 4, ಬರೀ ನೀರಿಗೆ 2 ಗಂಟೆ ಅಂತರ ಬೇಕು. ಎಳೆ ಕೂಸನ್ನ ಹೆಚ್ಚು ಹೊತ್ತು ಉಪವಾಸ ಇಟ್ರೆ ಸಕ್ಕರೆ ಇಳಿಯುತ್ತೆ, ಕೊನೆಯ ಸಲ ಹಾಲು ಕುಡಿದ ಗಂಟೆ ಚೀಟಿಯಲ್ಲಿ ಬರೀರಿ.

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ. ತುರ್ತಿದ್ದಾಗ ರೆಫರಲ್ ಚೀಟಿಗೆ ಕಾಯಬೇಕಿಲ್ಲ. ಒಂದು ವರ್ಷದೊಳಗಿನ ಕೂಸಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಸಾಗಾಟ ಎರಡೂ ಉಚಿತ.

ಆಶಾ_ಮೆಂಟರ್_ಮೂಡಿಗೆರೆ
ಲಸಿಕೆ ಕಾರ್ಡೂ ಜೊತೆಗಿರಲಿ. 6, 10, 14 ವಾರದ ಪೆಂಟಾವೇಲೆಂಟಿನಲ್ಲಿ ಹಿಬ್ ಅನ್ನೋ ಬ್ಯಾಕ್ಟೀರಿಯಾ ವಿರುದ್ಧದ ಲಸಿಕೆಯೂ ಇದೆ. ನ್ಯುಮೋಕಾಕಲ್ ಲಸಿಕೆ 6 ವಾರ, 14 ವಾರ, 9 ತಿಂಗಳಿಗೆ. 2021ರಿಂದ ದೇಶದಾದ್ಯಂತ ಉಚಿತ. ಎದೆಯ ಕೀವಿಗೂ ಮೆದುಳುಪೊರೆ ಸೋಂಕಿಗೂ ಇವೆರಡೇ ದೊಡ್ಡ ತಡೆ.

ಮೂಳೆಕೀಲು_ಚಿಕ್ಕಮಗಳೂರು
ವಾಪಸ್ ಬಂದ ಮಗುವಿನ ಬಗ್ಗೆ ಮೊದಲೇ ಕೇಳಿದ್ರಿ. ಕೀಲಿಗೆ ಒಟ್ಟು ಎರಡರಿಂದ ಮೂರು ವಾರ, ಮೂಳೆಗೆ ಮೂರರಿಂದ ನಾಲ್ಕು ವಾರ ಔಷಧ. ಮೊದಲ ಕೆಲವು ದಿನ ಮಾತ್ರ ಇಂಜೆಕ್ಷನ್, ಉಳಿದದ್ದು ಮನೆಯಲ್ಲಿ ಬಾಯಿಂದ. ಎಳೆ ಕೂಸಿಗೆ ಇಂಜೆಕ್ಷನ್ ದಿನ ಜಾಸ್ತಿ. ಜ್ವರ ನಿಂತ ಕೂಡಲೇ ಸಿರಪ್ ನಿಲ್ಲಿಸೋದರಿಂದಲೇ ಮೂಳೆಸೋಂಕು ಹಳೇ ರೋಗವಾಗಿ ಉಳಿಯೋದು, ಆಶಾ ಅಕ್ಕ ವಾರಕ್ಕೊಮ್ಮೆ ಬಾಟಲಿ ನೋಡಿದ್ರೆ ಸಾಕು. ಗುಣ ಅಳೆಯೋಕೆ ಸಿಆರ್‌ಪಿ ನೋಡಿ. ಇಎಸ್‌ಆರ್ ಇಳಿಯೋಕೆ ವಾರಗಳು ಬೇಕು, ಅದನ್ನ ನೋಡಿ ಹೆದರಬೇಡಿ. ಸೊಂಟ ತೆರೆದ ಮಗುವಿಗೆ ಕನಿಷ್ಠ ಎರಡು ವರ್ಷ ಎಕ್ಸ್‌ರೇ ತಪಾಸಣೆ ಇರಬೇಕು. ಉಪಕೇಂದ್ರದಲ್ಲಿ ಮಗುವನ್ನ ಅಂಗಾತ ಮಲಗಿಸಿ ಎರಡೂ ಮಂಡಿ ಮಡಚಿ ಎತ್ತರ ಹೋಲಿಸಿ. ಒಂದು ಮಂಡಿ ತಗ್ಗಾಗಿ ಕಂಡ್ರೆ ಮುಂದಿನ ತಪಾಸಣೆ ತಾರೀಕಿಗೆ ಕಾಯದೆ ಕಳಿಸಿ.